ಟೈಪ್ ಹಿಂಟ್ ಹಾಕಿದರೆ ಪೈಥಾನ್ ವೇಗವಾಗುವುದಿಲ್ಲ: ಒಂದು ಸ್ಪಷ್ಟನೆ

ತುಮಕೂರಿನ ಇಂಜಿನಿಯರಿಂಗ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಪೈಥಾನ್ ಕೋಡಿಗೆ ಟೈಪ್ ಹಿಂಟ್ (ಇಲ್ಲಿ ಸಂಖ್ಯೆ ಬರಬೇಕೋ ಪಠ್ಯ ಬರಬೇಕೋ ಎಂದು ಕೋಡಿನಲ್ಲೇ ಬರೆಯುವ ಸೂಚನೆ) ಹಾಕಿದರೆ ವೇಗ ಜಾಸ್ತಿ ಆಗುತ್ತದೆ, ಮುಂದೆ ಅದು ಕಡ್ಡಾಯವೂ ಆಗುತ್ತದೆ ಅಂತ. ಎರಡೂ ತಪ್ಪು.

2015ರಲ್ಲಿ ಪೈಥಾನ್ 3.5 ಆವೃತ್ತಿಯ ಜೊತೆ ಹಿಂಟ್ ಬಂದಾಗಲೇ, ಅದನ್ನು ತಂದ ಪೆಪ್ 484 ಎಂಬ ಪ್ರಸ್ತಾವದಲ್ಲೇ ಕಡ್ಡಾಯ ಮಾಡುವ ಇಚ್ಛೆ ಇಲ್ಲ ಎಂದು ಬರೆದಿದ್ದಾರೆ. ಓಡುವಾಗ ಪೈಥಾನ್ ಅದನ್ನು ಪರೀಕ್ಷಿಸುವುದೂ ಇಲ್ಲ. ಇಂಟ್ (ಪೂರ್ಣಾಂಕ) ಎಂದು ಬರೆದ ಕಡೆ ಸ್ಟ್ರಿಂಗ್ (ಪಠ್ಯ) ಕೊಟ್ಟರೂ ಸುಮ್ನೆ ತೆಗೆದುಕೊಳ್ಳುತ್ತದೆ. ತಪ್ಪು ಹಿಡಿಯುವುದು ಮೈಪೈ ಥರದ ಬೇರೆ ಟೂಲ್. ಹಿಂಟ್ ನೋಡಿ ಕೋಡನ್ನು ಕಂಪೈಲ್ ಮಾಡಿ ವೇಗ ಹೆಚ್ಚಿಸುವ ಮೈಪೈಸಿ ಎಂಬ ಪ್ರತ್ಯೇಕ ಟೂಲ್ ಇದೆ, ಅದರ ಮಾತು ಬೇರೆ.

2022ರ 3.11 ಆವೃತ್ತಿ 3.10ಕ್ಕಿಂತ ಸರಾಸರಿ 1.25 ಪಟ್ಟು ವೇಗವಾಯಿತಲ್ವಾ, ಅದು ಇಂಟರ್‌ಪ್ರಿಟರ್ (ಕೋಡನ್ನು ಓಡಿಸುವ ಪ್ರೋಗ್ರಾಂ) ಒಳಗಿನ ಕೆಲಸದಿಂದ: ಓಡುವಾಗ ನಿಜಕ್ಕೂ ಬರುವ ಟೈಪ್ ಗಮನಿಸಿ, ಪದೇಪದೇ ಓಡುವ ಕೋಡನ್ನು ಅದಕ್ಕೆ ಹೊಂದಿಸಿ ಚುರುಕು ಮಾಡುತ್ತದೆ. ದಯವಿಟ್ಟು ವೇಗಕ್ಕೆಂದು ಹಿಂಟ್ ತುಂಬುತ್ತಾ ಕೂರಬೇಡಿ; ಮೊದಲು ಪೈಥಾನ್ ಜೊತೆಗೇ ಬರುವ, ಸಮಯ ಅಳೆಯುವ ಸಿಪ್ರೊಫೈಲ್ ಟೂಲ್ ಓಡಿಸಿ, ಸಮಯ ಎಲ್ಲಿ ಹೋಗುತ್ತಿದೆ ನೋಡಿ.