ಹೆಸರೇ ಇಲ್ಲದ ಮರಗಳ ಸಸ್ಯೋದ್ಯಾನ

ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ನಗರದ ಸಸ್ಯೋದ್ಯಾನಕ್ಕೆ ಹೋಗಿದ್ದೆ. ಟಿಕೆಟ್ ಪಡೆದು ಮೂರು ಗಂಟೆ ಸುತ್ತಾಡಿ ಹೊರಬಂದಾಗ ಉಳಿದದ್ದು ಸಿಟ್ಟು ಮಾತ್ರ. ಅವಳು ಒಂದೊಂದು ಮರದ ಮುಂದೆಯೂ ನಿಂತು ‘ಇದು ಯಾವ ಮರ?’ ಎಂದು ಕೇಳುತ್ತಿದ್ದಳು. ಉತ್ತರ ಹೇಳಬೇಕಾದ ನಾಮಫಲಕ ಬಹುಪಾಲು ಕಡೆ ಇರಲೇ ಇಲ್ಲ, ಇದ್ದ ಕಡೆ ತುಕ್ಕು ಹಿಡಿದು ಅಕ್ಷರಗಳು ಅಳಿಸಿಹೋಗಿದ್ದವು. ಒಂದು ಫಲಕದಲ್ಲಿ ಬಿದಿರಿನ ಹೆಸರಿದೆ, ಅದರ ಹಿಂದೆ ನಿಂತಿರುವುದು ದಾಸವಾಳ! ಸೈಕಸ್ ಗಿಡಗಳ ಸಾಲನ್ನು ಬಂದವರೆಲ್ಲ ತಾಳೆ ಎಂದುಕೊಂಡೇ ದಾಟಿಹೋಗುತ್ತಿದ್ದರು. ನೋಟಕ್ಕೆ ತಾಳೆಯಂತಿದ್ದರೂ ಅದು ಹೂ ಬಿಡದ, ಪೈನ್ ಮರದಂತೆ ಅನಾವೃತಬೀಜ (ಬೀಜ ಹಣ್ಣಿನೊಳಗೆ ಮುಚ್ಚಿರದ) ವರ್ಗಕ್ಕೆ ಸೇರಿದ, ಗಂಡು ಹೆಣ್ಣು ಗಿಡಗಳು ಬೇರೆ ಬೇರೆಯಾಗಿರುವ ಸಸ್ಯ ಎಂದು ಎರಡು ಸಾಲು ಬರೆದು ನಿಲ್ಲಿಸಿದ್ದರೆ ಸಾಕಿತ್ತು.

ಸಸ್ಯೋದ್ಯಾನಕ್ಕೂ ಪಾರ್ಕಿಗೂ ಇರುವ ವ್ಯತ್ಯಾಸವೇ ಈ ಹೆಸರು. ಇಟಲಿಯ ಪಾಡುವಾ ವಿಶ್ವವಿದ್ಯಾಲಯಕ್ಕಾಗಿ 1545ರಲ್ಲಿ ಸಸ್ಯೋದ್ಯಾನವನ್ನು ಸ್ಥಾಪಿಸಿದ್ದೇ, ವೈದ್ಯ ವಿದ್ಯಾರ್ಥಿಗಳು ನಿಜವಾದ ಔಷಧಿ ಗಿಡವನ್ನು ಅದರಂತೆಯೇ ಕಾಣುವ ಬೇರೆ ಗಿಡದಿಂದ ಬೇರ್ಪಡಿಸಿ ಗುರುತಿಸುವುದನ್ನು ಕಲಿಯಲಿ ಎಂದು. ಸಸ್ಯಶಾಸ್ತ್ರೀಯ ಹೆಸರು, ಕುಟುಂಬ, ಮೂಲ ನೆಲೆ, ದಾಖಲೆ ಸಂಖ್ಯೆ ಇವಿಷ್ಟೂ ಒಂದು ಅಂಗೈಯಗಲದ ತಗಡಿನಲ್ಲಿ ಹಿಡಿಸುತ್ತವೆ. ಹುಲ್ಲುಹಾಸಿಗೆ, ಬಣ್ಣದ ಕಾರಂಜಿಗೆ ಸಿಗುವ ಹಣ ಅದಕ್ಕೆ ಸಿಗುವುದಿಲ್ಲವೇ?

ಇನ್ನು ಉಳಿದಿರುವ ಫಲಕಗಳನ್ನಾದರೂ ಸರಿಯಾಗಿ ಹಾಕಿದ್ದಾರೆಯೇ ಎಂದರೆ ಅದೂ ಇಲ್ಲ. ಕಾಂಡಕ್ಕೆ ಗಟ್ಟಿಯಾಗಿ ಮೊಳೆ ಹೊಡೆದಿದ್ದಾರೆ. ಮರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ತಗಡಿನ ಅಂಚನ್ನು ನುಂಗಿಬಿಟ್ಟಿದೆ. ಕೆಲವು ಕಡೆ ಬಿಗಿದ ತಂತಿ ತೊಗಟೆಯೊಳಗೆ ಇಳಿದಿದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಅದನ್ನು ಸುತ್ತಲೂ ಬಿಗಿದರೆ ಮರ ನಿಧಾನವಾಗಿ ಸಾಯುತ್ತದೆ. ಕಾಂಡ ಬೆಳೆದಂತೆ ಹಿಗ್ಗುವ ಸ್ಪ್ರಿಂಗ್ ಹಾಕಿ ಫಲಕ ತೂಗಿಸುವುದು ಅಪರೂಪದ ವಿದ್ಯೆಯೇನಲ್ಲ.

ಕಚೇರಿಯಲ್ಲಿ ಕೇಳಿದೆ. ‘ಮಾಲಿಯನ್ನು ಕೇಳಿ’ ಎಂದರು, ತಲೆ ಎತ್ತದೆ. ಆ ಹಿರಿಯ ಮಾಲಿ ಮಾತ್ರ ಕೆಲಸ ಬಿಟ್ಟು ಬಂದು, ನಾವು ತೋರಿಸಿದ ಒಂದೊಂದು ಮರದ ಹೆಸರನ್ನೂ ತಡವರಿಸದೆ ಹೇಳಿದರು. ಮಗಳು ಅವನ್ನೆಲ್ಲ ಬರೆದುಕೊಂಡಳು. ಅವರು ಬರುವ ವರ್ಷ ನಿವೃತ್ತರಾಗುತ್ತಾರಂತೆ. ಅಷ್ಟರೊಳಗೆ ಅವರೊಂದಿಗೆ ಉದ್ಯಾನವನ್ನು ಒಮ್ಮೆ ಸುತ್ತಿ ಪಟ್ಟಿ ಮಾಡಿಕೊಳ್ಳಲೂ ಬಿಡುವಿಲ್ಲದಷ್ಟು ಏನು ಕೆಲಸವಿದೆ ಆ ಕಚೇರಿಗೆ?