ಮಡಿಕೇರಿಯ ಬೀದಿ ದೀಪಕ್ಕೆ ಕುಶಾಲನಗರದ ಬಿಸಿಲು ಬೇಕೇ?

ಸೋಲಾರ್, ಕಿರು ಜಲವಿದ್ಯುತ್, ಮಳೆ ಮತ್ತು ಭೂಕುಸಿತದ ಮುನ್ನೆಚ್ಚರಿಕೆ. ಇಂಥ ಕೆಲಸಗಳನ್ನು ಮಡಿಕೇರಿ ನಗರಸಭೆ ತನ್ನಷ್ಟಕ್ಕೆ ಮಾಡಿಕೊಳ್ಳಬೇಕೇ? ಅಥವಾ ಕುಶಾಲನಗರ, ವಿರಾಜಪೇಟೆ ಪುರಸಭೆಗಳು, ಸುತ್ತಲಿನ ಗ್ರಾಮ ಪಂಚಾಯಿತಿಗಳು, ಗಡಿಯಾಚೆಯ ಕಣ್ಣೂರು–ವಯನಾಡಿನ ಸ್ಥಳೀಯ ಸರ್ಕಾರಗಳ ಜೊತೆ ಸೇರಿ ಮಾಡಬೇಕೇ? ಕುಶಾಲನಗರದ ಕಾಲೇಜು ಉಪನ್ಯಾಸಕರೊಬ್ಬರು ಪರವಾಗಿ, ಚೇರಂಬಾಣೆ ಕಡೆಯ ಕಾಫಿ ಬೆಳೆಗಾರ್ತಿಯೊಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಒಟ್ಟಾಗಿ ಕೊಂಡರೆ ಬೆಲೆ ಇಳಿಯುತ್ತದೆ

ಪರವಾಗಿ ಬರೆದುಕೊಡಿ ಅಂತ ಕೇಳಿದರು, ಒಪ್ಪಿಕೊಂಡೆ. ಜಿಲ್ಲೆಯ ಒಳಗಿನ ಊರುಗಳು ಕೈಜೋಡಿಸಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ರಾಜ್ಯದ ಗಡಿ ದಾಟುವ ಮಾತು ಬಂದಾಗ ಮಾತ್ರ ಸ್ವಲ್ಪ ಅಳುಕು ಇದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಜುಲೈಯಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಸುಂಟಿಕೊಪ್ಪ ದಾಟುವಷ್ಟರಲ್ಲಿ ಮಂಜು ಶುರುವಾಗಿರುತ್ತದೆ. ಮಡಿಕೇರಿಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಅದೇ ದಿನ ನಮ್ಮಲ್ಲಿ ಟೆರೇಸಿನ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಆಚೆ ಪಿರಿಯಾಪಟ್ಟಣ, ಹುಣಸೂರು ಕಡೆ ಹೋದರೆ ಬಿಸಿಲು ಇನ್ನೂ ಜಾಸ್ತಿ. ಮಡಿಕೇರಿಯ ಬೀದಿ ದೀಪ ಮಳೆಗಾಲದಲ್ಲೂ ಉರಿಯಬೇಕು. ಕೂಟುಹೊಳೆಯಿಂದ ನೀರೆತ್ತುವ ಪಂಪು ಮಳೆಗಾಲದಲ್ಲೂ ಓಡಬೇಕು. ಹಾಗಿದ್ದ ಮೇಲೆ ನಗರಸಭೆ ತನ್ನ ಸೋಲಾರ್ ಹಣವನ್ನೆಲ್ಲ ಮಂಜು ಕವಿದ ಮಾಳಿಗೆಗಳ ಮೇಲೆ ಹಾಕುವುದು ಯಾಕೆ? ಪ್ಯಾನಲ್ ಬಿಸಿಲಿರುವ ಕಡೆ ನಿಲ್ಲಲಿ. ಕರೆಂಟು ತಂತಿಯಲ್ಲಿ ಬರಲಿ, ಲೆಕ್ಕ ಬಿಲ್ಲಿನಲ್ಲಿ ಆಗಲಿ. ಹುಣಸೂರಿಗೂ ನಮಗೂ ಸರಬರಾಜು ಮಾಡುವುದು ಒಂದೇ ಚಾಮುಂಡೇಶ್ವರಿ ವಿದ್ಯುತ್ ನಿಗಮ. ಆದರೆ ಇದು ಮಡಿಕೇರಿಯೊಂದರಿಂದ ಆಗುವ ಕೆಲಸ ಅಲ್ಲ. ಜಾಗ ಕೊಡುವ ಊರೂ ಪಾಲುದಾರ ಆಗಬೇಕು.

ಕಾನೂನು ಅಡ್ಡಿಯಾಗಿದೆ ಅನ್ನುವಂತಿಲ್ಲ. ಹಿಂದೆ 1 ಮೆಗಾವಾಟ್ ಬೇಡಿಕೆ ಇದ್ದವರು ಮಾತ್ರ ತಮಗೆ ಬೇಕಾದ ಉತ್ಪಾದಕರಿಂದ ನೇರವಾಗಿ ಕರೆಂಟು ಕೊಳ್ಳಬಹುದಿತ್ತು. 2022ರ ಕೇಂದ್ರ ನಿಯಮಗಳು ಹಸಿರು ವಿದ್ಯುತ್ತಿನ ಮಟ್ಟಿಗೆ ಆ ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿದವು. ಸಣ್ಣ ಊರುಗಳಿಗೂ ಬಾಗಿಲು ತೆರೆದಿದೆ. ಒಬ್ಬೊಬ್ಬರೇ ಹೋಗಿ ಚೌಕಾಸಿ ಮಾಡಿದರೆ ಕಂಪನಿಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಷ್ಟೇ.

ಒಟ್ಟಾಗಿ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಮೆಲ್ಬರ್ನ್ ಇದೆ. 2017ರಲ್ಲಿ ಅಲ್ಲಿನ ನಗರಸಭೆ, ಪಕ್ಕದ ಕೆಲವು ಸ್ಥಳೀಯ ಆಡಳಿತಗಳು, ವಿಶ್ವವಿದ್ಯಾಲಯ, ಬ್ಯಾಂಕು ಎಲ್ಲ ಸೇರಿ 14 ಸಂಸ್ಥೆಗಳು ಒಂದೇ ಕರಾರಿಗೆ ಸಹಿ ಹಾಕಿದವು. ಆ ಕರಾರಿನ ಬಲದ ಮೇಲೆ ಕ್ರೌಲೆಂಡ್ಸ್ ಎಂಬಲ್ಲಿ ಹೊಸ ಗಾಳಿಯಂತ್ರಗಳು ಎದ್ದವು. ಅದನ್ನು ನೋಡಿ 2021ರಲ್ಲಿ ವಿಕ್ಟೋರಿಯಾ ರಾಜ್ಯದ 46 ಕೌನ್ಸಿಲ್‌ಗಳು ಇನ್ನೊಂದು ಗುಂಪು ಕಟ್ಟಿಕೊಂಡವು. ಗ್ರಾಹಕರು ಇಷ್ಟು ಜನ ಇದ್ದಾರೆ, ವರ್ಷಗಟ್ಟಲೆ ಇರುತ್ತಾರೆ ಅಂತ ಗೊತ್ತಾದರೆ ಸಾಲ ಕೊಡುವ ಬ್ಯಾಂಕಿಗೂ ಧೈರ್ಯ. ಬೆಲೆ ಇಳಿಯುವುದೇ ಇದರಿಂದ.

ಅಷ್ಟು ದೂರ ಯಾಕೆ, ಪಕ್ಕದ ವಯನಾಡನ್ನೇ ನೋಡಿ. ಮೀನಂಗಾಡಿ ಗ್ರಾಮ ಪಂಚಾಯಿತಿ 2016ರಲ್ಲೇ ಇಂಗಾಲ ಸಮತೋಲನದ, ಅಂದರೆ ಊರು ಹೊರಬಿಡುವಷ್ಟು ಇಂಗಾಲವನ್ನು ಊರೇ ಹೀರಿಕೊಳ್ಳುವ, ಗುರಿ ಹಾಕಿಕೊಂಡಿತು. ಮರ ಕಡಿಯದೆ ಉಳಿಸಿಕೊಂಡ ರೈತರಿಗೆ ಆ ಮರಗಳನ್ನೇ ಅಡ ಇಟ್ಟುಕೊಂಡು ಬಡ್ಡಿ ಇಲ್ಲದ ಸಾಲ ಕೊಡುವ ಏರ್ಪಾಡು ಮಾಡಿತು. ಅವರೂ ಕಾಫಿ, ಮೆಣಸು ಬೆಳೆಯುವವರೇ. ನಮ್ಮ ಗಡಿಯ ಕುಟ್ಟದಿಂದ ಎಷ್ಟು ದೂರ? ಆದರೂ ಅಲ್ಲಿಗೆ ಹೋಗಿ ನೋಡಿಬಂದು, ನಮ್ಮ ತೋಟಗಳ ನೆರಳು ಮರಕ್ಕೆ ಇದು ಹೊಂದುತ್ತದಾ ಅಂತ ಕೇಳುವವರು ಕಡಿಮೆ.

ದಕ್ಷಿಣ ಕೊಡಗಿನ ಬಾರಪೊಳೆಯದೂ ಇದೇ ಕಥೆ. ಹೊಳೆ ಹುಟ್ಟುವುದು ನಮ್ಮ ಬ್ರಹ್ಮಗಿರಿ ಕಾಡಿನಲ್ಲಿ. ಗಡಿ ದಾಟಿದ ಮೇಲೆ ಕೇರಳದವರು ಅದರಿಂದ 15 ಮೆಗಾವಾಟ್ ವಿದ್ಯುತ್ ತೆಗೆಯುತ್ತಿದ್ದಾರೆ, 2016ರಿಂದ. ಕಾಲುವೆಯ ಮೇಲೆಯೇ ಸೋಲಾರ್ ಪ್ಯಾನಲ್ ಹಾಸಿದ್ದಾರೆ. ಗಡಿಯ ಈಚೆಗಿನ ಮಾಕುಟ್ಟದ ಕಡೆಯವರು ಅವರ ಜೊತೆ ಕೂತು ಮಾತಾಡಿದ್ದರೆ ಕಾಡು ಕಾಯುವುದಕ್ಕೆ ಒಂದು ಪಾಲು ಕೇಳಬಹುದಿತ್ತು.

ಇನ್ನು ಮಳೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಅಲ್ಲಿನ ಜನ ಇಳಿದು ಹೋದದ್ದು ಸಂಪಾಜೆ, ಅರಂತೋಡಿನ ಕಡೆಗೆ. ಜಿಲ್ಲೆ ಬೇರೆ ಅಂತ ದಕ್ಷಿಣ ಕನ್ನಡದವರು ಬಾಗಿಲು ಹಾಕಲಿಲ್ಲ. ಆಮೇಲೂ ಗುಡ್ಡ ಜರಿಯುತ್ತಲೇ ಇದೆ: 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಒಂದೇ ಘಟ್ಟದ ಸಾಲು ಇದು. ಮಳೆ ಮಾಪಕದ ಲೆಕ್ಕ ಆಚೆಯವರಿಗೂ ಈಚೆಯವರಿಗೂ ಒಂದೇ ಹೊತ್ತಿಗೆ ಸಿಗುವಂತೆ ಮಾಡಲು ದೊಡ್ಡ ಹಣವೇನೂ ಬೇಡ.

ಹೊಣೆ ಯಾರದು ಅಂತ ಕೇಳುವವರು ಇರುತ್ತಾರೆ. ಅದನ್ನು ಕರಾರಿನಲ್ಲಿ ಬರೆದುಕೊಂಡರಾಯಿತು. ಸಂವಿಧಾನದಲ್ಲೇ ಜಿಲ್ಲಾ ಯೋಜನಾ ಸಮಿತಿ ಇದೆ. ಪಟ್ಟಣ ಮತ್ತು ಹಳ್ಳಿಯ ಯೋಜನೆಗಳನ್ನು ಕೂಡಿಸುವುದೇ ಅದರ ಕೆಲಸ. ಅಲ್ಲಿಂದ ಶುರುಮಾಡಲಿ.

ವಿರೋಧ: ಕಂಬ ಯಾರದ್ದು ಅಂತ ಮೊದಲು ಹೇಳಿ

ನಾನು ಸೋಲಾರ್‌ಗೆ ವಿರೋಧಿ ಅಲ್ಲ. ಹವಾಮಾನ ಬದಲಾಗಿಲ್ಲ ಅಂತಲೂ ವಾದ ಮಾಡುವುದಿಲ್ಲ. ಕಾಫಿ ಹೂ ಅರಳಿಸುವ ಫೆಬ್ರವರಿ, ಮಾರ್ಚಿನ ಹೂ ಮಳೆಗೆ ಕಾದು ಕಾದು ಕೊನೆಗೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಬಿಡುವವರಿಗೆ, ಕಣದಲ್ಲಿ ಹರಡಿದ ಕಾಫಿ ಹೊತ್ತಲ್ಲದ ಹೊತ್ತಿನ ಮಳೆಗೆ ನೆನೆಯುವುದನ್ನು ನೋಡಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ವಿರೋಧ ಇರುವುದು ಒಂದೇ ಮಾತಿಗೆ. ನಾಲ್ಕು ಸರ್ಕಾರ ಸೇರಿದರೆ ಕೆಲಸ ಚೆನ್ನಾಗಿ ಆಗುತ್ತದೆ ಅನ್ನುವ ಮಾತಿಗೆ.

ನಮ್ಮ ಮನೆಗೆ ಬರುವ ಲೈನು ಒಂದು ಹೊಳೆ ದಾಟಿ, ಎರಡು ತೋಟ ದಾಟಿ ಬರುತ್ತದೆ. ಒಂದು ಜುಲೈಯಲ್ಲಿ ಗಾಳಿ ಮಳೆಗೆ ಹೊಳೆಯ ಆಚೆ ದಡದ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿತ್ತು. ಕಂಬ ಬುಡದಲ್ಲೇ ಮುರಿಯಿತು. ನಮ್ಮ ಕಡೆಯ ಕಚೇರಿಗೆ ಫೋನ್ ಮಾಡಿದೆವು. ಹೊಳೆಯ ಆಚೆಯ ಕಂಬ ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಗೆ ಹೇಳಿ ಅಂದರು. ಅಲ್ಲಿಗೆ ಫೋನ್ ಮಾಡಿದರೆ, ಕಂಬ ನಮ್ಮ ಜಾಗದಲ್ಲಿ ಇರಬಹುದು, ಕರೆಂಟು ಹೋಗುವುದು ಅವರ ಮನೆಗಳಿಗೆ, ಅವರೇ ಬರಬೇಕು ಅಂದರು. ಇಬ್ಬರೂ ಮರ್ಯಾದೆಯಾಗಿಯೇ ಮಾತಾಡಿದರು. ಇಬ್ಬರಿಗೂ ಕೈತುಂಬ ಕೆಲಸ ಇತ್ತು, ಅದೂ ನನಗೆ ಗೊತ್ತು. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್ ಹುಡುಗರ ಬಗ್ಗೆ ನನಗೆ ಗೌರವ ಬಿಟ್ಟು ಬೇರೇನೂ ಇಲ್ಲ. ಆದರೆ ವಾರ ಕಳೆದರೂ ಕಂಬ ಏಳಲಿಲ್ಲ.

ಮನೆಯಲ್ಲಿ ಅತ್ತೆಗೆ ಉಬ್ಬಸ. ದಿನಕ್ಕೆ ಮೂರು ಸಲ ನೆಬ್ಯುಲೈಸರ್ ಹಾಕಬೇಕು. ಯುಪಿಎಸ್ ಮೊದಲ ರಾತ್ರಿಯೇ ಸೋತಿತು. ಕೆಳಗಿನ ಮನೆಯ ಅಣ್ಣ, ತಮ್ಮದೇ ಗದ್ದೆಯ ಮೇಲಿನ ತೊರೆಗೆ ಪೈಪ್ ಕಟ್ಟಿ, ಪೈಕೋ ಹೈಡ್ರೋ ಅನ್ನುವ ಪುಟ್ಟ ಮೆಷಿನ್ ಇಟ್ಟುಕೊಂಡಿದ್ದಾರೆ. ಒಂದು ಕಿಲೋವಾಟ್ ಇರಬಹುದು. ಅಣೆಕಟ್ಟು ಇಲ್ಲ, ಕಾಲುವೆ ಇಲ್ಲ. ಮೇಲಿಂದ ಪೈಪಿನಲ್ಲಿ ಬಂದ ನೀರು ಚಕ್ರ ತಿರುಗಿಸಿ ಮತ್ತೆ ತೊರೆಗೇ ಹೋಗುತ್ತದೆ. ಅತ್ತೆಗೆ ಮಳೆಗೆ ಹೊದೆಯುವ ಗೊರಬೆ ಹಾಕಿಸಿ, ಟಾರ್ಚ್ ಹಿಡಿದು, ಜಾರುವ ದಾರಿಯಲ್ಲಿ ಆ ಮನೆಗೆ ಕರೆದುಕೊಂಡು ಹೋದೆವು. ಅಲ್ಲಿ ಬಲ್ಬು ಒಂದು ಚೂರೂ ಮಿಣುಕದೆ ಉರಿಯುತ್ತಿತ್ತು. ಫ್ರಿಜ್ ಓಡುತ್ತಿತ್ತು. ಅತ್ತೆ ಅಲ್ಲೇ ಉಳಿದರು, ಕರೆಂಟು ಬರುವವರೆಗೂ. ಆ ಮನೆಯ ಅಕ್ಕ ಅವರಿಗೆ ಗಂಜಿ ಮಾಡಿಕೊಟ್ಟರು. ಮಳೆ ಜೋರಾದಷ್ಟೂ ಆ ಮೆಷಿನ್ ಗಟ್ಟಿಯಾಗಿ ತಿರುಗುತ್ತಿತ್ತು. ನಮ್ಮ ಲೈನನ್ನು ಬೀಳಿಸಿದ ಅದೇ ಮಳೆ!

ಎರಡು ಕಚೇರಿಗಳ ಮಧ್ಯೆ ಒಂದು ಕಂಬಕ್ಕೆ ಈ ಗತಿ. ಎರಡು ಪುರಸಭೆ, ಒಂದು ನಗರಸಭೆ, ಹತ್ತಾರು ಪಂಚಾಯಿತಿ, ಇನ್ನೊಂದು ರಾಜ್ಯ ಎಲ್ಲ ಸೇರಿಕೊಂಡರೆ ಯಾರಿಗೆ ಫೋನ್ ಮಾಡಲಿ? ಮಲಯಾಳಂ ಬರುವವರನ್ನು ಹುಡುಕಲಾ?

ಕುಶಾಲನಗರದಲ್ಲಿ ಬಿಸಿಲಿದೆ ಅನ್ನುತ್ತಾರೆ. ಎಷ್ಟಾದರೂ ಇರಲಿ. ಆ ಕರೆಂಟು ನಮ್ಮ ಮನೆಗೆ ಬರಬೇಕಾದ್ದು ಅದೇ ತಂತಿಯಲ್ಲಿ, ಅದೇ ಕಂಬದ ಮೇಲೆ ಅಲ್ವಾ? ಇನ್ನೊಂದು ವಿಷಯ ಜನರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಲೈನಿಗೆ ಜೋಡಿಸಿದ ಸೋಲಾರ್, ಬ್ಯಾಟರಿ ಇಲ್ಲದಿದ್ದರೆ, ಲೈನಿನಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಂತುಹೋಗುತ್ತದೆ. ಹಾಗೆ ನಿಲ್ಲದಿದ್ದರೆ ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯುತ್ತದೆ, ಅದಕ್ಕೇ ಹಾಗೆ ಮಾಡಿರುವುದು. 2024ರಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಒಳ್ಳೆಯದೇ. ಆದರೆ ಜುಲೈಯ ಕತ್ತಲಿಗೆ ಅದರಿಂದ ಏನೂ ಆಗುವುದಿಲ್ಲ. ನಮಗೆ ಬೇಕಾದ್ದು ಮಳೆಗಾಲಕ್ಕೆ ತೊರೆ, ಬೇಸಿಗೆಗೆ ಬಿಸಿಲು, ಮಧ್ಯೆ ಒಂದು ಒಳ್ಳೆಯ ಬ್ಯಾಟರಿ. ಅದನ್ನು ಒಂದು ಪಂಚಾಯಿತಿ, ಮನಸ್ಸು ಮಾಡಿದರೆ, ತಾನೇ ಮಾಡಬಹುದು. ಸಾಂಪ್ರದಾಯಿಕವಲ್ಲದ ಇಂಧನ ಪಂಚಾಯಿತಿಗಳ ಕೆಲಸ ಅಂತ ಸಂವಿಧಾನದ 11ನೇ ಅನುಸೂಚಿಯಲ್ಲೇ ಇದೆ. ಯಾರ ಜೊತೆಗೂ ಒಪ್ಪಂದ ಬೇಡ.

ಸಹಕಾರ, ಸಹಕಾರ ಅನ್ನುತ್ತಾರೆ. ಕೊಡಗು ಸಹಕಾರ ಕೊಡದ ಕಾಲ ಯಾವುದು? ಬೆಂಗಳೂರಿಗೆ ಕಾವೇರಿ ಕೊಟ್ಟಿದ್ದೇವೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಎತ್ತುವ ಯೋಜನೆ. ಕೇರಳಕ್ಕೆ ಬಾರಪೊಳೆ ಹರಿದು ಹೋಗುತ್ತಿದೆ. ಮೈಸೂರಿನಿಂದ ಕೋಝಿಕ್ಕೋಡಿಗೆ 400 ಕೆವಿ ಲೈನ್ ಎಳೆದಾಗ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಉರುಳಿದವು. ಪರಿಸರದವರು, ಬೆಳೆಗಾರರು ಬೀದಿಗಿಳಿದು ಬೇಡ ಅಂದರೂ ಲೈನ್ ಹೋಯಿತು. ಅದು ಎರಡು ರಾಜ್ಯಗಳಿಗೆ ಸೇರಿದ ಕೆಲಸವೇ ಆಗಿತ್ತು. ಸಣ್ಣವರು ದೊಡ್ಡವರ ಜೊತೆ ಸೇರಿದಾಗ ಯಾರು ಏನು ಕೊಡುತ್ತಾರೆ, ಯಾರಿಗೆ ಏನು ಸಿಗುತ್ತದೆ ಅಂತ ನಾವು ಮತ್ತೆ ಹೊಸದಾಗಿ ಕಲಿಯಬೇಕಾಗಿಲ್ಲ. ಮೆಲ್ಬರ್ನಿನ 14 ಸಂಸ್ಥೆಗಳಲ್ಲಿ ವಿಶ್ವವಿದ್ಯಾಲಯ ಇತ್ತು, ಬ್ಯಾಂಕು ಇತ್ತು ಅಂತ ಅವರೇ ಬರೆದಿದ್ದಾರೆ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಬ್ಬ ಪಿಡಿಒ, ಒಬ್ಬ ಬಿಲ್ ಕಲೆಕ್ಟರ್, ಒಬ್ಬ ನೀರು ಗಂಟಿ.

ನಾಳೆ ಹೀಗೊಂದು ಒಕ್ಕೂಟ ಆದರೆ ಏನಾಗುತ್ತದೆ ಅಂತ ನನಗೆ ಕಾಣುತ್ತಿದೆ. ಮಡಿಕೇರಿಯ ಹೋಟೆಲಿನಲ್ಲಿ ಸಭೆ. ಶಾಲು, ಹಾರ, ಫೋಟೋ. ಆಚೆಯವರು ಈಚೆಗೆ ಪ್ರವಾಸ, ಈಚೆಯವರು ಆಚೆಗೆ ಪ್ರವಾಸ. ಒಂದು ದಪ್ಪ ವರದಿ. ಅಷ್ಟು ಹೊತ್ತಿಗೆ ಎರಡು ಮಳೆಗಾಲ ಹೋಗಿರುತ್ತದೆ.

ಜಿಲ್ಲಾ ಯೋಜನಾ ಸಮಿತಿಯಿಂದ ಶುರುಮಾಡಲಿ ಅಂದಿದ್ದಾರೆ. ಆ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣದ ಸಂಸ್ಥೆಗಳ ಚುನಾಯಿತರಿಂದಲೇ ಬರಬೇಕು. ಜಿಲ್ಲಾ ಪಂಚಾಯಿತಿಯ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ನಡೆಸಿದರು. ನಾವು ಆರಿಸದವರು ನಮ್ಮ ಪರವಾಗಿ ಬೇರೆ ಊರಿನ ಜೊತೆ 25 ವರ್ಷದ ವಿದ್ಯುತ್ ಕರಾರಿಗೆ ಸಹಿ ಹಾಕಬೇಕೇ? ನಾನು ಒಪ್ಪುವುದಿಲ್ಲ.

ಮುಂಡಕ್ಕೈ, ಜೋಡುಪಾಲದ ಹೆಸರು ಹೇಳಿದ್ದಾರೆ. ಜೋಡುಪಾಲದವರಿಗೆ ಅನ್ನ ಹಾಕಿದ ಅರಂತೋಡಿನ ಜನ ಯಾವ ಒಪ್ಪಂದವನ್ನೂ ಓದಿ ಬಂದವರಲ್ಲ. ಕಷ್ಟ ಕಂಡು ಬಂದರು. ಅದನ್ನು ಒಕ್ಕೂಟದ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯ ಅಲ್ಲ.

ಹಣ ಇದ್ದರೆ ಮೊದಲು ಕಾಡಂಚಿನ, ತೋಟದೊಳಗಿನ ಲೈನುಗಳಿಗೆ ಹೊದಿಕೆ ಇರುವ ಕೇಬಲ್ ಹಾಕಿ. ಮೇ ತಿಂಗಳು ಮುಗಿಯುವುದರೊಳಗೆ ಕೊಂಬೆ ಕಡಿಸಿ. ಪ್ರತಿ ಕಂಬಕ್ಕೆ ಒಂದು ನಂಬರ್, ಒಂದು ಕಚೇರಿಯ ಹೆಸರು ಬರೆಸಿ. ತೊರೆ ಇರುವ ಮನೆಗಳಿಗೆ ಮೆಷಿನ್ ಇಡಲು ಸಹಾಯಧನ ಕೊಡಿ, ತೊರೆ ಇಲ್ಲದವರಿಗೆ ಬ್ಯಾಟರಿಗೆ ಕೊಡಿ. ಉಬ್ಬಸದವರು, ಡಯಾಲಿಸಿಸ್‌ನವರು ಇರುವ ಮನೆಗಳ ಪಟ್ಟಿ ಪಂಚಾಯಿತಿಯಲ್ಲಿ ಇರಲಿ, ಕಂಬ ಬಿದ್ದಾಗ ಆ ಮನೆಗಳ ಲೈನ್ ಮೊದಲು ಸರಿಯಾಗಲಿ. ಕಣ್ಣೂರಿನವರ ಜೊತೆ ಮಾತುಕತೆ ಆಮೇಲೆ ಇಟ್ಟುಕೊಳ್ಳೋಣ.