ಇಳಿಯುವಾಗಲೇ ಹುಷಾರು

ಗೆಳೆಯರ ಜೊತೆ ಬೈಕ್‌ನಲ್ಲಿ ಗುಡ್ಡ, ಕಾಡು ಸುತ್ತುವ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಹತ್ತುವುದರ ಬಗ್ಗೆಯೇ ಜಾಸ್ತಿ ಇದೆ. ಕಷ್ಟ ಇರುವುದು ಇಳಿಯುವಾಗ ಅಲ್ವಾ? ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ಸುಟ್ಟ ವಾಸನೆ ಬಂತು ಅಂದರೆ ಬದಿಗೆ ನಿಲ್ಲಿಸಿ, ಆರಲು ಬಿಡಿ. ಗೇರ್ ಇಳಿಸಿದರೆ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಪೆಟ್ರೋಲ್ ಉಳಿಸುತ್ತೇವೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರಿಗೆ ಏನು ಹೇಳೋದು! ಮರದ ನೆರಳಿರುವ ತಿರುವುಗಳಲ್ಲಿ ಒದ್ದೆ ಎಲೆ ಬಿದ್ದಿರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರುತ್ತದೆ. ಹೊಸಬರಿದ್ದರೆ ಗುಂಪಿನಲ್ಲಿ ಎರಡನೆಯವರಾಗಿ ಬರಲಿ. ಕೊನೆಗೆ ಬಿಟ್ಟರೆ ಜೊತೆ ತಪ್ಪುತ್ತದೆ ಅಂತ ತಿರುವಿನಲ್ಲೂ ಸುಮ್ನೆ ಎಕ್ಸಲರೇಟರ್ ಕೊಡುತ್ತಾರೆ.